ಇನ್ನೂರು ಗಜದೊಳಗೆ

ನ್ಯೂಜೆರ್ಸಿಯ ಮನ್ರೋದ ನಮ್ಮವರ ಮನೆಗಳಲ್ಲಿ ಅಳತೆಯ ವಿಷಯಕ್ಕೆ ತಕರಾರು ಎದ್ದರೆ ಮೊದಲು ಫೋನು ಹೋಗುತ್ತಿದ್ದದ್ದು ಫಜಲ್ ಅಂಕಲ್ಲಿಗೆ. ಹೊಸ ಮನೆಯ ನೆಲ ಒಂದು ಕಡೆಗೆ ವಾಲಿದೆಯೇ, ಫ್ರಿಜ್ಜು ಹೇಳಿದಷ್ಟು ತಣ್ಣಗಿದೆಯೇ, ಬಾತ್‌ರೂಮಿನ ತೂಕದ ಯಂತ್ರ ಸುಳ್ಳು ಹೇಳುತ್ತಿದೆಯೇ ಅಥವಾ ಅದರ ಮೇಲೆ ನಿಂತವರು ಹೇಳುತ್ತಿದ್ದಾರೆಯೇ, ಎಲ್ಲಕ್ಕೂ ಅವನೇ ಬರಬೇಕು. ಬಂದು, ಚರ್ಮದ ಸಣ್ಣ ಪೆಟ್ಟಿಗೆ ಬಿಚ್ಚಿ, ನೋಡಿ, ಕಡ್ಡಿ ತುಂಡು ಮಾಡಿದ ಹಾಗೆ ಒಂದು ಸಂಖ್ಯೆ ಹೇಳಿ ಎದ್ದುಬಿಡುತ್ತಿದ್ದ. ಅಲ್ಲಿಗೆ ತಕರಾರು ಮುಗಿಯುತ್ತಿತ್ತು. ಪಿಸ್ಕಾಟವೇಯ ಒಂದು ಟೆಲಿಕಾಂ ಕಂಪನಿಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಅವನ ಕೆಲಸವೂ ಅದೇ ಆಗಿತ್ತು: ಬೇರೆಯವರ ಮೀಟರುಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ಅಳೆಯುವುದು. ನಿಕಾಹ್ ದಿನ ತನ್ನ ಮುಖ ನೋಡುವ ಮೊದಲು ಈ ಮನುಷ್ಯ ಗಡಿಯಾರ ನೋಡಿದ ಎಂದು ಅವನ ಹೆಂಡತಿ ಮಸರತ್ ಮೂವತ್ತು ವರ್ಷಗಳಿಂದ ಸಿಕ್ಕಸಿಕ್ಕವರ ಮುಂದೆ ದೂರುತ್ತಿದ್ದಳು. ಅವನು ಅದನ್ನು ಅಲ್ಲಗಳೆದದ್ದಿಲ್ಲ.

ಇದು ರಕ್ತದಲ್ಲೇ ಬಂದದ್ದು. ಹುಣಸೂರಿನಲ್ಲಿ ಅವನ ತಂದೆ ಸಂತೆಯಿಂದ ಸಂತೆಗೆ ಹೋಗಿ ತಕ್ಕಡಿ ರಿಪೇರಿ ಮಾಡುತ್ತಿದ್ದರು. ಊರಿನವರ ಬಾಯಲ್ಲಿ ಅವರ ಮನೆಯೇ ತಕ್ಕಡಿ ಸಾಬರ ಮನೆ. ಆ ಮುದುಕರಿಗೆ ಓದು ಬರುತ್ತಿರಲಿಲ್ಲ, ಆದರೆ ಒಂದು ಮಾತನ್ನು ಮಕ್ಕಳಿಗೆ ಮಗ್ಗಿಯಂತೆ ಹೇಳಿಸುತ್ತಿದ್ದರು. ತಪ್ಪು ತೂಗಿದವನು ಪಾಪಿಯಲ್ಲ, ತಕ್ಕಡಿ ಕೆಟ್ಟಿದೆ ಎಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವನು ಪಾಪಿ. ಫಜಲ್ ಇದನ್ನು ಲ್ಯಾಬಿಗೆ ಹೊಸದಾಗಿ ಸೇರಿದ ಅಮೆರಿಕನ್ ಹುಡುಗರಿಗೆಲ್ಲ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಹೇಳುವುದಕ್ಕೆ ಏನು, ಬಾಯಿಗೆ ಬಾಡಿಗೆ ಕೊಡಬೇಕೇ.

ಅಕೀಲ್ ಮಸರತ್‌ಳ ಅಣ್ಣ. ಅದಕ್ಕಿಂತ ಮೊದಲು ಫಜಲನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಮರದ ವ್ಯಾಪಾರಿಯ ಮಗ, ಮನೆಯಲ್ಲಿ ಕೋವಿ ಇತ್ತು, ಬೆಳೆದದ್ದೇ ಬೇಟೆಯ ಮಾತು ಕೇಳಿಕೊಂಡು. ಕ್ರ್ಯಾನ್‌ಬರಿಯ ಔಷಧಿ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ ಬಂದವನು ಫಜಲನ ಮನೆಯಿಂದ ಮೂರು ಬೀದಿ ಆಚೆ ಮನೆ ಮಾಡಿದ. ಹೆಂಡತಿ ತೀರಿಕೊಂಡ ಮೇಲೆ ಮಗಳು ನಬೀಲಾ ಜೊತೆಗಿದ್ದಳು. ನಮ್ಮವರಲ್ಲಿ ಫಜಲನಿಗೆ ಅಳತೆಯ ಹೆಸರಿದ್ದರೆ ಅಕೀಲನಿಗೆ ಕೈಯ ಹೆಸರು. ಬಕ್ರೀದ್ ದಿನ ಬೆಂಗಳೂರು ಮೈಸೂರು ಕಡೆಯ ಇಪ್ಪತ್ತು ಮೂವತ್ತು ಮನೆಯವರು ಕಾರು ಮಾಡಿಕೊಂಡು ಊರ ಹೊರಗಿನ ಒಂದು ಫಾರ್ಮಿಗೆ ಹೋಗಿ ಕುರ್ಬಾನಿ ಮಾಡಿಸುತ್ತಿದ್ದರು. ಚೂರಿ ಹಿಡಿಯುತ್ತಿದ್ದವನು ಅಕೀಲ್. ಕುರಿಯ ಕಣ್ಣಿಗೆ ಕೈ ಅಡ್ಡ ಇಟ್ಟು, ಕಿವಿಯಲ್ಲಿ ಏನೋ ಹೇಳಿ, ಒಂದೇ ಎಳೆತ. ಅವನ ಕೈಗೆ ಸಿಕ್ಕ ಜೀವ ನರಳುವುದಿಲ್ಲ ಎಂದು ಹೆಂಗಸರು ಕೂಡ ಹೇಳುತ್ತಿದ್ದರು.

ಇಬ್ಬರಿಗೂ ಬೇಟೆಯ ಹುಚ್ಚು. ನ್ಯೂಜೆರ್ಸಿಯಲ್ಲಿ ಜಿಂಕೆಗೆ ರೈಫಲ್ ಎತ್ತಲು ಕಾನೂನು ಬಿಡುವುದಿಲ್ಲ, ಹಾಗಾಗಿ ವರ್ಷಕ್ಕೊಮ್ಮೆ ಡೆಲವೇರ್ ನದಿ ದಾಟಿ ಪೆನ್ಸಿಲ್ವೇನಿಯಾದ ಕಾಡಿಗೆ ಹೋಗುತ್ತಿದ್ದರು. ಆದರೆ ಅಕೀಲನ ಬೇಟೆಗೆ ಒಂದು ಕಟ್ಟು ಇತ್ತು. ಗುಂಡು ಬಿದ್ದ ಪ್ರಾಣಿಯ ಉಸಿರು ನಿಲ್ಲುವ ಮೊದಲು ಚೂರಿ ತಲುಪಬೇಕು, ಬಿಸ್ಮಿಲ್ಲಾ ಹೇಳಿ ಕತ್ತು ಕೊಯ್ಯಬೇಕು. ತಲುಪುವಷ್ಟರಲ್ಲಿ ಸತ್ತಿದ್ದರೆ ಆ ಮಾಂಸ ಮುಟ್ಟುತ್ತಿರಲಿಲ್ಲ, ಅಲ್ಲಿಯೇ ಸಿಕ್ಕ ಬಿಳಿಯರಿಗೆ ಕೊಟ್ಟು ಬರಿಗೈಯಲ್ಲಿ ಮನೆಗೆ ಬರುತ್ತಿದ್ದ. ಗುಂಡು ಹೊಡೆಯುವಾಗಲೇ ದೇವರ ಹೆಸರು ಹೇಳಿದರೆ ಸಾಕು ಎನ್ನುವವರೂ ಇದ್ದಾರೆ ಎಂದು ಮಸೀದಿಯ ಇಮಾಮರು ಹೇಳಿದರೂ ಅವನು ತಂದೆ ಕಲಿಸಿದ್ದನ್ನು ಬಿಡಲಿಲ್ಲ. ಎಷ್ಟೋ ವರ್ಷ ಗುಂಡಿನ ಸದ್ದಿನ ಹಿಂದೆಯೇ, ಕೈಯಲ್ಲಿ ಚೂರಿ ಹಿಡಿದು, ಪೊದೆ ಹಾರಿ ಅವನು ಓಡುವುದನ್ನು ನೋಡಿ ಫಜಲ್ ಹೊಟ್ಟೆ ಹಿಡಿದು ನಕ್ಕಿದ್ದಾನೆ.

ಎರಡು ಸಾವಿರದ ಆರರಲ್ಲಿ ಅಕೀಲನ ಬಲಗೈ ಕಿರುಬೆರಳು ತಾನಾಗಿ ಅಲುಗತೊಡಗಿತು. ಡಾಕ್ಟರು ಪಾರ್ಕಿನ್ಸನ್ ಎಂದರು. ಮಾತ್ರೆ ಕೊಟ್ಟರು, ಇನ್ನೆರಡು ವರ್ಷ ಪರವಾಗಿಲ್ಲ, ಆಮೇಲೆ ಹೇಳಲಾಗದು ಎಂದರು. ಅಕೀಲ್ ಅತ್ತವನಲ್ಲ. ಒಂದು ದಿನ ಫಜಲನ ಗ್ಯಾರೇಜಿಗೆ ಬಂದು, ಕೈ ಕೆಲಸಕ್ಕೆ ಬಾರದಂತಾಗುವ ಮೊದಲು ಒಂದೇ ಒಂದು ಬೇಟೆ ಆಡಬೇಕು, ಎತ್ತರದ ಬೆಟ್ಟದಲ್ಲಿ, ಕೊಂಬು ಬೆನ್ನಿಗೆ ತಾಗುವಂಥ ಕಾಡುಹೋತವನ್ನು, ಎಂದ. ಕಿರ್ಗಿಸ್ತಾನದಲ್ಲಿ ಗೈಡು, ಕುದುರೆ, ಪರ್ಮಿಟ್ಟು ಎಲ್ಲ ಒದಗಿಸುವ ಕಂಪನಿ ಇದೆಯಂತೆ. ಅಲ್ಲಿನ ಗೈಡುಗಳೂ ಮುಸಲ್ಮಾನರು, ಮಾಂಸ ಅವರ ಹಳ್ಳಿಗೇ ಹೋಗುತ್ತದೆ, ಹಲಾಲ್ ಆಗಿಯೇ ಹೋಗಬೇಕು. ತೋಟಾ ಮಾತ್ರ ನಿನ್ನ ಕೈಯದೇ ಆಗಬೇಕು ಎಂದ. 2008ರ ಅಕ್ಟೋಬರಿಗೆ ಇಬ್ಬರೂ ಹೆಸರು ಕೊಟ್ಟರು.

ಅಂಗಡಿಯ ತೋಟಾ ಫಜಲನಿಗೆ ಆಗುತ್ತಿರಲಿಲ್ಲ. ಹಿತ್ತಾಳೆಯ ಖಾಲಿ ಕೊಳವೆ, ಮದ್ದು, ಗುಂಡು ಬೇರೆಬೇರೆ ತಂದು, ಮದ್ದನ್ನು ಕಾಳು ಕಾಳಾಗಿ ತೂಗಿ, ಗ್ಯಾರೇಜಿನ ಬೆಂಚಿನ ಮೇಲೆ ತಾನೇ ತುಂಬುತ್ತಿದ್ದ. ಪ್ರತಿ ಹಾಳೆಗೂ ಕೈಯಲ್ಲೇ ನಂಬರು ಹಾಕಿದ ಹಸಿರು ರಟ್ಟಿನ ನೋಟ್‌ಬುಕ್ಕಿನಲ್ಲಿ ಒಂದೊಂದು ಪ್ರಯೋಗವೂ ಬರೆದಿರುತ್ತಿತ್ತು. ಈ ಸಲ ಎರಡು ತೊಡಕು ಎದುರಾದವು. ಕೋವಿ ಜೋರಾಗಿ ಒದ್ದರೆ ಅಕೀಲನ ಕೈ ಮೊದಲೇ ಬೆದರಿ ನಡುಗುತ್ತದೆ, ಅದಕ್ಕೆ ಮದ್ದು ಕಡಿಮೆ ಹಾಕಬೇಕು. ಇನ್ನೊಂದು, ಮಾಮೂಲಿ ಸೀಸದ ಗುಂಡು ಒಳಗೆ ಹೋಗಿ ಅಣಬೆಯಂತೆ ಅರಳಿ ಪ್ರಾಣಿಯನ್ನು ಅಲ್ಲೇ ಕೆಡವುತ್ತದೆ. ಬೆಟ್ಟದಲ್ಲಿ ಅದರ ಬಳಿಗೆ ಹೋಗಲು ಅರ್ಧ ಗಂಟೆಯಾದರೂ ಬೇಕು. ಅಷ್ಟು ಹೊತ್ತು ಜೀವ ಹಿಡಿದಿರಬೇಕು, ಆದರೆ ಎದ್ದು ಓಡಲೂಬಾರದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂದ ಹಾಗೆ.

ಫಜಲ್ ಗಟ್ಟಿ ತಾಮ್ರದ ಗುಂಡು ಆರಿಸಿಕೊಂಡ. ಅದು ಸೀಸದಷ್ಟು ಸುಲಭವಾಗಿ ಅರಳುವುದಿಲ್ಲ, ವೇಗವಿದ್ದರೆ ಮಾತ್ರ ಬಾಯಿ ಬಿಡುತ್ತದೆ. ನಮ್ಮವರ ಮನೆಮನೆಯಿಂದ ಹಳೆಯ ಟೆಲಿಫೋನ್ ಡೈರೆಕ್ಟರಿಗಳನ್ನು ಬೇಡಿ ತಂದು, ಬಚ್ಚಲಿನಲ್ಲಿ ನೆನೆಹಾಕಿ, ಮಸರತ್‌ಳ ಬೈಗುಳ ತಿಂದು, ಆ ಒದ್ದೆ ಕಟ್ಟುಗಳಿಗೆ ಶೂಟಿಂಗ್ ರೇಂಜಿನಲ್ಲಿ ಗುಂಡು ಹೊಡೆದು ಬಿಡಿಸಿ ನೋಡಿದ. ನೂರು ಗಜದಲ್ಲಿ ಗುಂಡು ಅರ್ಧ ಬಿರಿದಿತ್ತು. ಅವನಿಗೆ ಬೇಕಾಗಿದ್ದುದು ಅಷ್ಟೇ. ದೂರ ಹೋದಂತೆ ಗುಂಡಿನ ವೇಗ ಇಳಿಯುತ್ತದೆ, ಆ ಇಳಿದ ವೇಗಕ್ಕೆ ಸರಿಯಾಗಿ ಮದ್ದು ಇನ್ನೂ ಕಡಿಮೆ ಮಾಡಿ ಮತ್ತೆ ಹೊಡೆದ. ಇನ್ನೂರು ಗಜದ ವೇಗಕ್ಕೆ ತುದಿ ಮಾತ್ರ ಬಾಯಿ ತೆರೆದಿತ್ತು. ಮುನ್ನೂರರ ವೇಗಕ್ಕೆ ಏನೂ ಇಲ್ಲ. ಗುಂಡು ಹೇಗೆ ಹೋಗಿತ್ತೋ ಹಾಗೇ, ದಬ್ಬಳದ ಹಾಗೆ, ಏಳು ಡೈರೆಕ್ಟರಿ ತೂರಿ ಆಚೆ ಬಂದಿತ್ತು. ಅರವತ್ತೆರಡನೆಯ ಪುಟದಲ್ಲಿ ಎಲ್ಲವನ್ನೂ ಬರೆದು, ಕೆಳಗೆ ಕೆಂಪು ಶಾಯಿಯಲ್ಲಿ, 'ಇನ್ನೂರು ಗಜದೊಳಗೆ ಮಾತ್ರ' ಎಂದು ಬರೆದು ಎರಡು ಗೆರೆ ಎಳೆದ.

ಬರೆದ, ಹೇಳಲಿಲ್ಲ. ನಾಳೆ ಹೇಳೋಣ ಅಂದುಕೊಂಡ. ಬೇಟೆ ಕಂಪನಿಯ ಕಾಗದದಲ್ಲಿ ಸಾಮಾನ್ಯವಾಗಿ ಇನ್ನೂರು ಗಜದೊಳಗೇ ಹೊಡೆತ ಸಿಗುತ್ತದೆ ಎಂದು ಬರೆದಿತ್ತು, ಸುಮ್ಮನೆ ಅಕೀಲನ ತಲೆಗೆ ಇನ್ನೊಂದು ಹುಳ ಯಾಕೆ ಬಿಡಬೇಕು ಅಂದುಕೊಂಡ. ಇದೆಲ್ಲ ನಿಜ. ಆದರೆ ಅದರ ಕೆಳಗೆ ಇನ್ನೊಂದು ನಿಜವಿತ್ತು. ತೋಟಾ ನೋಡಿ ಅಕೀಲ್ ಮಗುವಿನ ಹಾಗೆ ಸಂತೋಷಪಟ್ಟಿದ್ದ, ನಿನ್ನ ಬಿಟ್ಟರೆ ಪ್ರಪಂಚದಲ್ಲಿ ಯಾರಿಗೂ ಇದು ಆಗುತ್ತಿರಲಿಲ್ಲ ಎಂದಿದ್ದ. ಆ ಮಾತಿನ ಮೇಲೆ 'ಆದರೆ' ಎಂದು ಶುರು ಮಾಡಲು ಫಜಲನಿಗೆ ಮನಸ್ಸು ಬರಲಿಲ್ಲ.

ಗಡ್ಡದ ಇಬ್ಬರು ಮುದುಕರು ಕೋವಿಪೆಟ್ಟಿಗೆ ಹಿಡಿದು ಬಂದರೆ ನ್ಯೂಯಾರ್ಕಿನ ವಿಮಾನ ನಿಲ್ದಾಣ ಸುಮ್ಮನೆ ಬಿಡುತ್ತದೆಯೇ. ಕಾಗದವೆಲ್ಲ ಸರಿಯಿದ್ದರೂ ಮೂರು ಕಡೆ ಕೂರಿಸಿ ಕೇಳಿದರು. ಆ ವಾರ ನಿಲ್ದಾಣದ ಟಿವಿಗಳಲ್ಲೆಲ್ಲ ಬ್ಯಾಂಕುಗಳು ಬಿದ್ದ ಸುದ್ದಿಯೇ. ಅಕೀಲ್ ಅದರ ಕಡೆ ತಿರುಗಿಯೂ ನೋಡಲಿಲ್ಲ. ವಿಮಾನ ಇಳಿದ ಮೇಲೆ ಎರಡು ದಿನ ಜೀಪು, ಒಂದು ದಿನ ಕುದುರೆ. ಗೈಡು ಎರ್ಕಿನ್ ನಲವತ್ತರ ಆಸುಪಾಸಿನವನು, ಮಾತು ಕಡಿಮೆ. ಭಾಷೆ ಬಾರದಿದ್ದರೂ ನಮಾಜು, ಕಿತಾಬು, ಆಸಮಾನು ಎಂಬಂಥ ನಾಲ್ಕು ಮಾತು ಎರಡೂ ಕಡೆಗೆ ಗೊತ್ತಿದ್ದವು, ಉಳಿದದ್ದು ಕೈಸನ್ನೆ. ಅಕೀಲ್ ಸೊಂಟದ ಚೂರಿ ತೋರಿಸಿ ಕತ್ತಿನ ಮೇಲೆ ಬೆರಳಾಡಿಸಿದಾಗ ಎರ್ಕಿನ್ ಎದೆಯ ಮೇಲೆ ಕೈ ಇಟ್ಟು ತಲೆಬಾಗಿದ. ಮೊದಲ ದಿನ ನೂರು ಗಜ ದೂರದ ಒಂದು ಕಲ್ಲಿಗೆ ಹೊಡೆದು ಕೋವಿ ಪರೀಕ್ಷೆ ಮಾಡಿದರು. ಅಕೀಲನ ಮೂರು ಗುಂಡೂ ಅಂಗೈ ಅಗಲದೊಳಗೆ ಬಿದ್ದವು.

ಮೂರು ದಿನ ಹಿಮ, ಮಂಜು. ಹೋತಗಳು ಕಂಡರೂ ಮೈಲಿ ದೂರ. ನಾಲ್ಕನೆಯ ದಿನ ಬೆಳಗ್ಗೆ ಬಿಸಿಲು ಬಿದ್ದಿತ್ತು. ಮರುದಿನ ಪರ್ಮಿಟ್ಟು ಮುಗಿಯುತ್ತದೆ. ಒಂದು ದಿಣ್ಣೆಯ ತುದಿಗೆ ತೆವಳಿಕೊಂಡು ಹೋಗಿ ನೋಡಿದರೆ ಎದುರಿನ ಇಳಿಜಾರಿನಲ್ಲಿ ಹೋತ ನಿಂತಿತ್ತು, ಒಂಟಿಯಾಗಿ. ಕೊಂಬು ಹಿಂದಕ್ಕೆ ಬಾಗಿ ಬೆನ್ನು ಮುಟ್ಟುತ್ತಿತ್ತು. ಎರ್ಕಿನ್ ದೂರ ಅಳೆಯುವ ಯಂತ್ರ ಕಣ್ಣಿಗಿಟ್ಟು ನೋಡಿ, ಅದನ್ನು ಫಜಲನ ಕೈಗೆ ಕೊಟ್ಟ. ಮುನ್ನೂರ ಹನ್ನೆರಡು ಮೀಟರ್. ಫಜಲನ ತಲೆ ಕೇಳದೆಯೇ ಲೆಕ್ಕ ಮಾಡಿತು: ಮುನ್ನೂರ ನಲವತ್ತು ಗಜ. ಇನ್ನೂ ಹತ್ತಿರ ಹೋಗಲು ನಡುವೆ ಒಂದು ಪೊದೆಯೂ ಇರಲಿಲ್ಲ.

ಅಕೀಲ್ ಚೀಲದ ಮೇಲೆ ಕೋವಿ ಊರಿ ಮಲಗಿದ್ದ. ಫಜಲ್ ಅವನ ಕೈ ನೋಡಿದ. ಎರಡು ವರ್ಷದಿಂದ ಚಹದ ಲೋಟದಲ್ಲಿ, ಜೇಬಿನ ಬೀಗದಕೈಯಲ್ಲಿ, ತಸ್ಬಿಯ ಮಣಿಗಳಲ್ಲಿ ಸದ್ದು ಮಾಡುತ್ತಿದ್ದ ಆ ಕೈ ಈಗ ಕಲ್ಲಿನ ಮೇಲೆ ಇನ್ನೊಂದು ಕಲ್ಲಿನಂತೆ ನಿಂತಿತ್ತು. ಕಿರುಬೆರಳು ಕೂಡ ಅಲುಗುತ್ತಿರಲಿಲ್ಲ. ಅಕೀಲ್ ಕೋವಿಯ ಮೇಲಿನ ದುರ್ಬೀನಿನಿಂದ ಕಣ್ಣು ತೆಗೆಯದೆ ಪಿಸುಗುಟ್ಟಿದ.

"ಹೊಡೀಲೇನೋ?"

ಬೇಡ ಎನ್ನಲು ಒಂದೇ ಉಸಿರು ಸಾಕಾಗಿತ್ತು. ಫಜಲ್ ಆ ಕೈಯನ್ನು ನೋಡಿದ, ಹೋತವನ್ನು ನೋಡಿದ, ಇಡೀ ಆಯುಷ್ಯದಲ್ಲಿ ಯಾವತ್ತೂ ಮಾಡದ ಕೆಲಸ ಮಾಡಿದ. ಅಳತೆ ಗೊತ್ತಿದ್ದೂ ದೇವರ ಮೇಲೆ ಭಾರ ಹಾಕಿದ.

"ಹೊಡಿ," ಎಂದ.

ಬಿಸ್ಮಿಲ್ಲಾ ಎಂದದ್ದು ಕೇಳಿಸಿತು, ಹಿಂದೆಯೇ ಸದ್ದು. ಫಜಲ್ ಬೈನಾಕ್ಯುಲರಿನಲ್ಲಿ ನೋಡುತ್ತಿದ್ದ. ಮುಂಗಾಲ ಹಿಂದೆ, ಎಲ್ಲಿ ಬೀಳಬೇಕೋ ಅಲ್ಲೇ ರೋಮ ಅದುರಿತು. ಅದೇ ಗಳಿಗೆಯಲ್ಲಿ ಪ್ರಾಣಿಯ ಹಿಂದಿನ ಬಂಡೆಯಿಂದ ಧೂಳೆದ್ದಿತು. ಗುಂಡು ಅರಳಲಿಲ್ಲ, ಒಳಗೆ ಏನನ್ನೂ ಕೆಡವಲಿಲ್ಲ, ದಬ್ಬಳದಂತೆ ತೂರಿ ಹೋಗಿ ಬಂಡೆಗೆ ಬಡಿಯಿತು. ಹೋತ ಒಂದು ಸಲ ಬೆನ್ನು ಕುಗ್ಗಿಸಿತು, ತಲೆಯೆತ್ತಿ ಸುತ್ತ ನೋಡಿತು, ಆಮೇಲೆ ಯಾರೋ ಕರೆದರೇನೋ ಎಂಬಂತೆ ನಡೆದು ದಿಬ್ಬದಾಚೆ ಮರೆಯಾಯಿತು. ಎರಡನೆಯ ಗುಂಡಿಗೆ ಸಮಯವೇ ಸಿಗಲಿಲ್ಲ.

ಅಕೀಲನಿಗೆ ಕಂಡದ್ದು ಬಂಡೆಯ ಧೂಳು ಮಾತ್ರ. ಎರ್ಕಿನ್‌ಗೂ ಅಷ್ಟೇ. ಫಜಲ್ ಮತ್ತು ಎರ್ಕಿನ್ ಕಣಿವೆ ಇಳಿದು ಹತ್ತಿ ಆ ಜಾಗ ತಲುಪಲು ಒಂದೂವರೆ ಗಂಟೆ ಹಿಡಿಯಿತು. ಅಷ್ಟು ಹತ್ತಲು ಅಕೀಲನಿಗೆ ಆಗಲಿಲ್ಲ. ಹಿಮದ ಮೇಲೆ ಅಲ್ಲೊಂದು ಇಲ್ಲೊಂದು ಹನಿ ರಕ್ತ, ತಿಳಿಗೆಂಪು, ಸಣ್ಣ ಗುಳ್ಳೆ ಗುಳ್ಳೆ. ಅದು ಪುಪ್ಪುಸದ ರಕ್ತ. ಹೊಡೆತ ಕೂದಲೆಳೆಯಷ್ಟೂ ತಪ್ಪಿರಲಿಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು. ಎರ್ಕಿನ್ ಮುಂದೆ ಹೆಜ್ಜೆ ಹುಡುಕುತ್ತಾ ಹೋಗಿದ್ದ. ಫಜಲ್ ಬೂಟಿನಿಂದ ಆ ಹನಿಗಳ ಮೇಲೆ ಹಿಮ ಎಳೆದ. ಯಾಕೆ ಹಾಗೆ ಮಾಡಿದೆ ಎಂದು ಅವನಿಗೆ ಆಗಲೂ ತಿಳಿಯಲಿಲ್ಲ.

ಹೋತ ಸಿಕ್ಕಿತು, ಕಣ್ಣಿಗೆ ಮಾತ್ರ. ಆಳವಾದ ಕೊರಕಲಿನ ಆಚೆ, ಮಂಜುಗಡ್ಡೆ ಕಟ್ಟಿದ ಗೋಡೆಯ ನಡುವೆ ಚಾಪೆಯಷ್ಟು ಜಾಗದಲ್ಲಿ ಮಲಗಿತ್ತು. ಏಳುನೂರು ಮೀಟರ್. ಎರ್ಕಿನ್ ಹಗ್ಗ ಕಟ್ಟಿಕೊಂಡು ಇಳಿದು ನೋಡಿ, ಕೈ ತರಚಿಸಿಕೊಂಡು ವಾಪಸು ಬಂದ. ಕೋವಿ ಎತ್ತಿ ನೋಡಿ ತಲೆಯಾಡಿಸಿ ಇಳಿಸಿದ. ಅಂದು ಸಂಜೆಯವರೆಗೂ ಅದು ತಲೆಯೆತ್ತಿಕೊಂಡೇ ಇತ್ತು. ಮರುದಿನ ಬೆಳಗ್ಗೆ ಅಕೀಲನನ್ನು ಕುದುರೆಯ ಮೇಲೆ ಸುತ್ತುದಾರಿಯಲ್ಲಿ ಕರೆತಂದರು. ಅವನು ದೊಡ್ಡ ದುರ್ಬೀನಿನ ಮುಂದೆ ಕೂತವನು ಏಳಲೇ ಇಲ್ಲ. ಆಗಲೂ ಅದರ ತಲೆ ಎತ್ತಿಯೇ ಇತ್ತು.

"ನಮ್ ಕಡೆನೇ ನೋಡ್ತಿದೆ ಕಣೋ," ಎಂದ.

ಮಧ್ಯಾಹ್ನದ ಹೊತ್ತಿಗೆ ತಲೆ ಇಳಿಯಿತು. ಅಲ್ಲಿಯವರೆಗೆ ಖಾಲಿಯಿದ್ದ ಆ ಆಕಾಶದಲ್ಲಿ ಎಲ್ಲಿಂದಲೋ ಕಾಗೆಯಂಥ ಹಕ್ಕಿಗಳು ಬಂದು ಇಳಿದವು. ಚೂರಿ ಅಕೀಲನ ಸೊಂಟದಲ್ಲೇ ಇತ್ತು. ಎರ್ಕಿನ್ ಟೋಪಿ ತೆಗೆದು, ಯಾರಿಗೂ ಅಲ್ಲ ಎಂಬಂತೆ, ಉಬಾಲ್ ಎಂದ. ನಮ್ಮ ಮನೆಗಳಲ್ಲಿ ವಬಾಲ್ ಎನ್ನುತ್ತೇವಲ್ಲ, ಬಾಯಿಲ್ಲದ ಜೀವಕ್ಕೆ ಮಾಡಿದ ಅನ್ಯಾಯ ಸುತ್ತಿಕೊಳ್ಳುವುದು, ಅದೇ ಇರಬೇಕೆಂದು ಇಬ್ಬರಿಗೂ ಅರ್ಥವಾಯಿತು. ಅಕೀಲ್ ತನ್ನ ಬಲಗೈಯನ್ನು ಮುಂದೆ ಚಾಚಿ ನೋಡಿಕೊಂಡ. ಈಗ ಅದು ಗಾಳಿಗೆ ಸಿಕ್ಕ ಎಲೆಯ ಹಾಗೆ ಅಲುಗುತ್ತಿತ್ತು.

"ಇದೇ ಕಣೋ. ಕೊನೇ ಗಳಿಗೇಲಿ ನಡುಗಿಬಿಡ್ತು."

ಫಜಲ್ ಫ್ಲಾಸ್ಕಿನಿಂದ ಚಹ ಬಗ್ಗಿಸಿ ಅವನ ಕೈಗೆ ಕೊಟ್ಟ. ಲೋಟವನ್ನು ತಾನೂ ಹಿಡಿದುಕೊಂಡು ಕುಡಿಸಿದ.

ವಿಮಾನದಲ್ಲಿ ಹೇಳೋಣ ಅಂದುಕೊಂಡ. ಊರಿಗೆ ಹೋಗಿ ನೋಟ್‌ಬುಕ್ ತೋರಿಸಿಯೇ ಹೇಳೋಣ ಅಂದುಕೊಂಡ. ಊರಿಗೆ ಬಂದು ಎರಡು ವಾರಕ್ಕೆ ಲ್ಯಾಬಿನವರು ಎಲ್ಲರನ್ನೂ ಕ್ಯಾಂಟೀನಿಗೆ ಕರೆದು, ಇಡೀ ವಿಭಾಗವನ್ನೇ ಮುಚ್ಚುತ್ತಿದ್ದೇವೆ ಎಂದರು. ಇಪ್ಪತ್ತಾರು ವರ್ಷದ ಸಾಮಾನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಿಡಿಸಿತು. ಅವನ ವಯಸ್ಸಿಗೆ, ಆ ವರ್ಷ, ಇನ್ನೊಂದು ಲ್ಯಾಬು ಬಾಗಿಲು ತೆರೆಯುವುದು ಕನಸಿನ ಮಾತು. ಕ್ರ್ಯಾನ್‌ಬರಿಯಲ್ಲಿ ಹೆದ್ದಾರಿಯ ಎಂಟು-ಎ ಎಕ್ಸಿಟ್ಟಿನ ಗೋದಾಮೊಂದರಲ್ಲಿ ಕೆಲಸ ಸಿಕ್ಕಿತು. ಬೆಲ್ಟಿನ ಮೇಲೆ ಬರುವ ಪೆಟ್ಟಿಗೆಗಳನ್ನು ಯಂತ್ರವೇ ತೂಗುತ್ತದೆ, ಯಂತ್ರವೇ ಚೀಟಿ ಉಗುಳುತ್ತದೆ, ಅದನ್ನು ಅಂಟಿಸುವುದು ಇವನ ಪಾಲಿನದು. ಮೊದಲ ದಿನವೇ ಯಂತ್ರ ಐವತ್ತು ಗ್ರಾಂ ಹೆಚ್ಚು ತೋರಿಸುತ್ತಿದೆ ಎಂದು ಸೂಪರ್‌ವೈಸರಿಗೆ ಹೇಳಿದ. ಸೂಪರ್‌ವೈಸರು ಅವನನ್ನು ನೋಡಿ, ಸರ್, ಜಸ್ಟ್ ಸ್ಟಿಕ್ ದ ಲೇಬಲ್, ಎಂದ.

ಹಾಗೆ ಅವನಿಗೆ ಉಳಿದದ್ದು ನಮ್ಮವರ ನಡುವಿನ ಹೆಸರೊಂದೇ. ಫಜಲ್ ಅಂಕಲ್ ಅಳತೆ ಎಂದರೆ ಅಳತೆ. ಆ ಹೆಸರನ್ನೂ ಯಾರ ಮುಂದಾದರೂ ಬಿಚ್ಚಿ ಹರಿದು ಹಾಕುವ ಧೈರ್ಯ ಅವನಲ್ಲಿರಲಿಲ್ಲ. ಹೇಡಿತನ ಅನ್ನಬಹುದು. ಅವನೇ ಅದನ್ನು ಹಾಗೆ ಕರೆಯುತ್ತಿದ್ದ, ಒಳಗೊಳಗೆ.

ಡಿಸೆಂಬರಿನಲ್ಲಿ ಬಕ್ರೀದ್ ಬಂತು. ಫಾರ್ಮಿನಲ್ಲಿ ನಮ್ಮವರೆಲ್ಲ ಕೋಟು ಹಾಕಿಕೊಂಡು ಸಾಲಾಗಿ ನಿಂತಿದ್ದರು. ಮೊದಲ ಕುರಿ ತಂದು ಮಲಗಿಸಿ, ಚೂರಿಯನ್ನು ಪ್ರತಿ ವರ್ಷದಂತೆ ಅಕೀಲನ ಕಡೆ ಚಾಚಿದರು. ಅವನು ಕೈಗಳನ್ನು ಜೇಬಿನಿಂದ ತೆಗೆಯಲಿಲ್ಲ. ಈ ಕೈಗೆ ಚೂರಿ ಬೇಡ, ಇದು ಒಂದು ಜೀವವನ್ನು ಎರಡು ದಿನ ಸಾಯಿಸಿದ ಕೈ ಎಂದ, ಎಲ್ಲರಿಗೂ ಕೇಳುವ ಹಾಗೆ. ಯಾರೋ ಸಮಾಧಾನ ಹೇಳಿದರು, ಯಾರೋ ನೆಲ ನೋಡಿದರು. ಅವನ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಫಜಲ್ ನಿಂತಿದ್ದ. ಅವನ ಬಾಯಿ ತೆರೆಯಿತು ಕೂಡ. ಅಷ್ಟರಲ್ಲಿ ಬೇರೊಬ್ಬರು ಚೂರಿ ತೆಗೆದುಕೊಂಡರು. ಅವರಿಗೆ ಅಭ್ಯಾಸವಿರಲಿಲ್ಲ. ಕುರಿ ಒದ್ದಾಡಿತು. ಅಕೀಲ್ ಹೋಗಿ ಕಾರಿನಲ್ಲಿ ಕೂತ.

ಅದೇ ವಾರ ಫಜಲ್ ಗ್ಯಾರೇಜಿನಲ್ಲಿ ಉಳಿದ ಹದಿನಾಲ್ಕು ತೋಟಾಗಳನ್ನೂ ಒಡೆದ. ಗುಂಡುಗಳನ್ನು ಕಸಕ್ಕೆ ಹಾಕಿದ, ಒದ್ದೆ ಡೈರೆಕ್ಟರಿಯಿಂದ ತೆಗೆದಿಟ್ಟಿದ್ದ ಮಾದರಿಗಳನ್ನೂ ಹಾಕಿದ. ಮದ್ದನ್ನು ಹಿತ್ತಲಿನ ಹುಲ್ಲಿನ ಮೇಲೆ ಚೆಲ್ಲಿದ. ನೋಟ್‌ಬುಕ್ಕಿನ ಅರವತ್ತೆರಡನೆಯ ಹಾಳೆ ಹರಿದು ಒಲೆಯ ಮೇಲೆ ಸುಟ್ಟ. ಮಸರತ್ ಮೂಗು ಮುಚ್ಚಿಕೊಂಡು ಏನದು ವಾಸನೆ ಎಂದು ಕೇಳಿದಾಗ ಹಳೇ ಬಿಲ್ಲು ಎಂದ. ವಸಂತ ಬಂದಾಗ ಹಿತ್ತಲಿನಲ್ಲಿ ಮದ್ದು ಬಿದ್ದಷ್ಟು ಜಾಗದ ಹುಲ್ಲು ಮಾತ್ರ ಕಪ್ಪು ಹಸಿರಾಗಿ, ಸೊಕ್ಕಿ ಬೆಳೆದು ನಿಂತಿತು. ಅದಕ್ಕೇನು ಗೊಬ್ಬರ ಹಾಕಿದಿರಿ, ಉಳಿದ ಕಡೆಗೂ ಹಾಕಬಾರದೇ ಎಂದು ಮಸರತ್ ಕೇಳಿದಳು. ಅವನು ಆ ಜಾಗವನ್ನು ವಾರಕ್ಕೆ ಎರಡು ಸಲ ಕತ್ತರಿಸುತ್ತಿದ್ದ.

ಆಮೇಲಿನ ಒಂದೂವರೆ ವರ್ಷದಲ್ಲಿ ಅಕೀಲ್ ಕೆಲಸ ಬಿಟ್ಟ, ಡ್ರೈವ್ ಮಾಡುವುದು ಬಿಟ್ಟ, ಮಸೀದಿಗೆ ಬರುವುದು ಬಿಟ್ಟ, ಹಾಸಿಗೆ ಹಿಡಿದ. ಕಾಯಿಲೆ ತನ್ನ ದಾರಿ ತಾನು ಹಿಡಿದದ್ದು ಸರಿ. ಆದರೆ ಕಾಯಿಲೆಗಿಂತ ಮುಂದೆ ಮುಂದೆ ಅವನೇ ಓಡುತ್ತಿದ್ದ ಹಾಗಿತ್ತು. ಮಾಂಸ ಮುಟ್ಟುತ್ತಿರಲಿಲ್ಲ. 2010ರ ಏಪ್ರಿಲ್‌ನಲ್ಲಿ ಒಂದು ದಿನ ನಬೀಲಾ ಫೋನು ಮಾಡಿದಳು. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಆದದ್ದರಿಂದ ಅವಳ ಮಾತೆಲ್ಲ ಇಂಗ್ಲಿಷು, ಅತ್ತೆಯ ಗಂಡನನ್ನು ಫುಪ್ಪಾ ಎಂದು ಕರೆಯುವುದೊಂದು ಬಿಟ್ಟು.

"ಫುಪ್ಪಾ, ಹಿ ಈಸ್ ಸ್ಕೇರ್ಡ್," ಎಂದಳು. ಭಯ ಸಾಯುವುದಕ್ಕಲ್ಲ, ಸತ್ತ ಮೇಲಿನದಕ್ಕೆ. ಕಿಯಾಮತ್ ದಿನ, ದೇವರು ಲೆಕ್ಕ ಕೇಳುವಾಗ, ಆ ಪ್ರಾಣಿ ಬಂದು ತನ್ನ ಕೈ ಹಿಡಿದು ಕೇಳುತ್ತದೆ ಎಂದು ಅಬ್ಬಾ ದಿನವೂ ಹೇಳುತ್ತಾರೆ, ಊಟಕ್ಕೆ ಕೂತರೆ ಅದು ಎದುರಿಗೆ ತಲೆಯೆತ್ತಿ ನೋಡುತ್ತಿದೆ ಎನ್ನುತ್ತಾರೆ, ನೀವಾದರೂ ಬಂದು ಮಾತಾಡಿ ಎಂದಳು.

ಫಜಲ್ ಫೋನು ಇಟ್ಟು ಗ್ಯಾರೇಜಿಗೆ ಹೋಗಿ ಹಸಿರು ನೋಟ್‌ಬುಕ್ಕನ್ನು ಕೈಗೆ ತೆಗೆದುಕೊಂಡ. ತನ್ನ ಪಾಪವನ್ನು ಇನ್ನೊಬ್ಬ ಹೊತ್ತುಕೊಂಡು ದೇವರ ಮುಂದೆ ಹೋಗಲು ಹೊರಟಿದ್ದಾನೆ. ಹೆಸರು ಹೋದರೆ ಹೋಗಲಿ ಎಂಬ ಮಾತು ಅಂದು ಮೊದಲ ಸಲ ಅವನಿಗೆ ಸುಲಭವಾಗಿ ಬಂತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಹಾಗೆ. ಮೂರು ಬೀದಿ ನಡೆದುಕೊಂಡೇ ಹೋದ.

ಅಕೀಲ್ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ದಿಂಬಿಗೆ ಒರಗಿದ್ದ. ಬಲಗೈ ಹೊದಿಕೆಯ ಮೇಲೆ ತನ್ನಷ್ಟಕ್ಕೆ ಕುಣಿಯುತ್ತಿತ್ತು. ಫಜಲ್ ಕುರ್ಚಿ ಎಳೆದು ಕೂತು, ಪೀಠಿಕೆಯಿಲ್ಲದೆ, ಎಲ್ಲವನ್ನೂ ಹೇಳಿದ. ತಾಮ್ರದ ಗುಂಡು, ಕಡಿಮೆ ಮದ್ದು, ಇನ್ನೂರು ಗಜ, ಮುನ್ನೂರ ನಲವತ್ತು ಗಜ, ಬಂಡೆಯ ಧೂಳು, ಗುಳ್ಳೆಗಟ್ಟಿದ ರಕ್ತ. ಕೊನೆಗೆ, ನಿನ್ನ ಕೈ ಅವತ್ತು ನಡುಗಲೇ ಇಲ್ಲ, ನಾನು ನೋಡಿದ್ದೇನೆ, ತಪ್ಪೆಲ್ಲ ನನ್ನ ತೋಟಾದ್ದು, ಹೊಡಿ ಅಂದ ನನ್ನದು ಎಂದ. ಹೇಳುವಾಗ ಅವನಿಗೆ ಅಳು ಬಂದಿತ್ತು.

ಅಕೀಲ್ ಪೂರ್ತಿ ಕೇಳಿದ. ಕೇಳಿ ಮುಗಿದ ಮೇಲೆ ಅವನ ಮುಖದಲ್ಲಿ ಒಂದು ನಗು ಮೂಡಿತು. ಕಾಯಿಲೆಯಿಂದ ಬಿಗಿದ ಆ ಮುಖದಲ್ಲಿ ನಗು ಮೂಡಲು ಬಹಳ ಹೊತ್ತು ಬೇಕಾಗುತ್ತಿತ್ತು.

"ನಿನ್ನ ಅಳತೆ ಯಾವತ್ತು ತಪ್ಪಿದೆ ಹೇಳು."

"ಅವತ್ತು ತಪ್ತು. ಗೊತ್ತಿದ್ದೂ ಸುಮ್ನಿದ್ದೆ. ಬರೆದಿಟ್ಟಿದ್ದೆ ಕಣೋ, ಅರವತ್ತೆರಡನೇ ಪೇಜಲ್ಲಿ."

"ಎಲ್ಲಿ, ತೋರ್ಸು."

ಫಜಲ್ ಹಸಿರು ರಟ್ಟಿನ ನೋಟ್‌ಬುಕ್ಕನ್ನು ಮುಂದಿಟ್ಟ. ಅದರಲ್ಲಿ ಉಳಿದ ಪುಟಗಳಾದರೂ ಒಂದಿಷ್ಟು ಸಾಕ್ಷಿ ಹೇಳಿಯಾವು ಎಂದು ತಂದಿದ್ದ. ಅಕೀಲ್ ಅದನ್ನು ಹೊದಿಕೆಯ ಮೇಲಿಟ್ಟುಕೊಂಡು, ಎಡಗೈಯಲ್ಲಿ ಪುಟ ತಿರುವಿದ. ಅರವತ್ತೊಂದು ಇತ್ತು. ಮುಂದೆ ಹರಿದ ಅಂಚು. ಆ ಅಂಚಿನ ಮೇಲೆ ಅವನ ಹೆಬ್ಬೆರಳು ಮೇಲಿಂದ ಕೆಳಗೆ ಹೋಯಿತು, ಕೆಳಗಿಂದ ಮೇಲೆ ಬಂತು. ತಲೆಯೆತ್ತಿದಾಗ ಅವನ ಕಣ್ಣಲ್ಲಿ ನೀರಿತ್ತು.

"ನನ್ನ ಹೊಡೆತ ಹೆಂಗೆ ತಪ್ತು ಅಂತ ಬರೆದಿದ್ದೆ ಅಲ್ವಾ ಇದ್ರಲ್ಲಿ," ಎಂದ. "ನನ್ನ ಮಾನ ಹೋಗ್ಬಾರ್ದು ಅಂತ ಹರಿದ್ಯಾ?"

ಫಜಲ್ ಇಲ್ಲ ಎಂದ. ದೇವರಾಣೆ ಇಲ್ಲ ಎಂದ. ಮೊದಲಿಂದ ಮತ್ತೆ ಹೇಳಲು ಶುರುಮಾಡಿದ. ವೇಗ, ದೂರ, ಮದ್ದಿನ ತೂಕ, ಒಂದೊಂದು ಸಂಖ್ಯೆಯೂ ಬಾಯಿಪಾಠವಾಗಿತ್ತು. ಆದರೆ ಹೇಳಿದಷ್ಟೂ ಅಕೀಲನ ಮುಖದಲ್ಲಿ ಕರುಣೆ ಹೆಚ್ಚುತ್ತಾ ಹೋಯಿತು. ಅವನು ಎಡಗೈ ಎತ್ತಿ ಫಜಲನ ಬಾಯಿಯ ಮುಂದೆ ಹಿಡಿದ.

"ಸಾಕು ಬಿಡೋ. ತಕ್ಕಡಿ ಸಾಬರ ಮಗ ನೀನು. ನನ್ನಿಂದ ನೀನೂ ಸುಳ್ಳು ಹೇಳೋ ಹಂಗಾಯ್ತಲ್ಲ." ಆ ಕೈ ಇಳಿಸಿ ನೋಟ್‌ಬುಕ್ಕು ಮುಚ್ಚುತ್ತಾ ಹೇಳಿದ, "ಆ ಪಾಪಾನೂ ನನ್ನ ತಲೆ ಮೇಲೇ ಇರ್ಲಿ."

ಆಮೇಲೆ ನಬೀಲಾ ತಂದ ಗಂಜಿಯನ್ನು ಫಜಲನೇ ತಿನ್ನಿಸಿದ. ಅಂದು ಎಂದಿಗಿಂತ ನಾಲ್ಕು ಚಮಚ ಹೆಚ್ಚು ತಿಂದರು ಎಂದು ಅವಳು ಬಾಗಿಲವರೆಗೆ ಬಂದು ಥ್ಯಾಂಕ್ಸ್ ಹೇಳಿದಳು.

ಜೂನ್ ತಿಂಗಳಲ್ಲಿ ಅಕೀಲ್ ತೀರಿಕೊಂಡ. ಕೊನೆಯ ದಿನ ಅವನ ಕಣ್ಣು ಗೋಡೆಯ ಮೇಲೆ ಎತ್ತರದಲ್ಲಿ ಏನನ್ನೋ ನೋಡುತ್ತಿತ್ತಂತೆ. ಮಸೀದಿಯ ಹಿಂಭಾಗದ ಕೋಣೆಯಲ್ಲಿ ಮಯ್ಯತ್ ತೊಳೆಯಲು ಹತ್ತಿರದವರು ನಾಲ್ಕು ಜನ ನಿಂತರು. ಬಲಭಾಗ ಮೊದಲು ತೊಳೆಯುವುದು ಪದ್ಧತಿ. ಫಜಲ್ ಬಲಗಡೆ ಇದ್ದ. ಹೊರಗೆ ಕಾಯುತ್ತಿದ್ದವರ ಮಾತು ಕೇಳಿಸುತ್ತಿತ್ತು: ಎಂಥಾ ಕೈ ಅವರದು, ಕೊನೆಗೆ ಆ ಕೈಯೇ ಮೋಸ ಮಾಡಿತು, ಪಾಪ. ಅವನು ಉಗುರುಬೆಚ್ಚಗಿನ ನೀರು ಹಾಕಿ, ಮೊಳಕೈಯಿಂದ ಬೆರಳಿನವರೆಗೆ, ಒಂದೊಂದೇ ಬೆರಳು ಬಿಡಿಸಿ ತೊಳೆದ. ಕಿರುಬೆರಳು ತೊಳೆಯುವಾಗ ನಿಲ್ಲಿಸಿ ನೋಡಿದ. ಅದು ಅಲುಗುತ್ತಿರಲಿಲ್ಲ. ಬೆಟ್ಟದ ಮೇಲೆ, ಹೊಡೀಲೇನೋ ಎಂದು ಕೇಳಿದಾಗ, ಅದು ಹೀಗೇ ಇತ್ತು.